ಅನುಮತಿ ಕೊಡುವವರು, ಹಣ ತೆರುವವರು: ಅಮೆರಿಕದ ಚಾರ್ಟರ್ ಶಾಲೆಗಳು ಮತ್ತು ರಾಜ್ಯ ಕಾನೂನುಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಒಕ್ಕೂಟಕ್ಕೆ ವಹಿಸದ ಅಧಿಕಾರಗಳೆಲ್ಲ ರಾಜ್ಯಗಳಲ್ಲಿ ಉಳಿಯುತ್ತವೆ ಎಂಬ ನಿಯಮದಂತೆ ಶಾಲೆಗಳನ್ನು ತೆರೆಯುವ, ನಡೆಸುವ ಮತ್ತು ಅವುಗಳಿಗೆ ಹಣ ಒದಗಿಸುವ ಹೊಣೆ ರಾಜ್ಯಗಳದ್ದಾಗಿದೆ. ಶಿಕ್ಷಣವು ಒಕ್ಕೂಟದ ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕಲ್ಲವೆಂದು 1973ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಶಾಲಾ ಜಿಲ್ಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಬಳಿಕ ಶಾಲಾ ಹಣಕಾಸಿನ ವ್ಯಾಜ್ಯಗಳು ಹೆಚ್ಚಾಗಿ ರಾಜ್ಯಗಳ ನ್ಯಾಯಾಲಯಗಳಲ್ಲೇ ನಡೆಯುತ್ತ ಬಂದಿವೆ. ಆದುದರಿಂದ ಚಾರ್ಟರ್ ಶಾಲೆ ಎಂಬ ಒಂದೇ ಹೆಸರಿನಡಿ ಆ ದೇಶದಲ್ಲಿ ನಲವತ್ತೈದಕ್ಕೂ ಹೆಚ್ಚು ಬಗೆಯ ಕಾನೂನುಗಳು ಜಾರಿಯಲ್ಲಿವೆ. ಇವುಗಳನ್ನು ಒಟ್ಟಾಗಿ ನೋಡಿದಾಗ ಎರಡು ಪ್ರಶ್ನೆಗಳು ಎದ್ದು ಕಾಣುತ್ತವೆ: ಹೊಸ ಶಾಲೆಗೆ ಅನುಮತಿ ಕೊಡುವವರು ಯಾರು, ಅದರ ವೆಚ್ಚ ಹೊರುವವರು ಯಾರು. ಶಾಸನಗಳು ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿದ್ದರೂ ಒಂದರ ಉತ್ತರವು ಇನ್ನೊಂದರ ಪರಿಣಾಮವನ್ನು ನಿರ್ಧರಿಸುತ್ತದೆ ಎಂಬುದೇ ಈ ಸಮೀಕ್ಷೆಯ ಪ್ರತಿಪಾದನೆ.

ಚಾರ್ಟರ್ ಶಾಲೆಯೆಂದರೆ ಸರ್ಕಾರದ ಹಣದಿಂದ ನಡೆಯುವ, ಮಕ್ಕಳಿಂದ ಶುಲ್ಕ ಪಡೆಯದ, ಆದರೆ ಸ್ಥಳೀಯ ಶಿಕ್ಷಣ ಮಂಡಳಿಯ ನೇರ ಆಡಳಿತಕ್ಕೆ ಒಳಪಡದ ಶಾಲೆ. ಶಿಕ್ಷಕರು, ಪೋಷಕರು ಅಥವಾ ಲಾಭರಹಿತ ಸಂಸ್ಥೆಯೊಂದು ಪಠ್ಯಕ್ರಮ, ಹಣಕಾಸು ಹಾಗೂ ಕಲಿಕೆಯ ಗುರಿಗಳನ್ನು ವಿವರಿಸಿ ಅರ್ಜಿ ಸಲ್ಲಿಸುತ್ತದೆ. ಅದನ್ನು ಒಪ್ಪುವ ಅಧಿಕಾರವುಳ್ಳ ಸಂಸ್ಥೆಯು ನಿಗದಿತ ಅವಧಿಗೆ, ಅನೇಕ ರಾಜ್ಯಗಳಲ್ಲಿ ಐದು ವರ್ಷಗಳಿಗೆ, ಒಂದು ಕರಾರನ್ನು ಮಾಡಿಕೊಳ್ಳುತ್ತದೆ. ಈ ಕರಾರೇ ಚಾರ್ಟರ್, ಅಂದರೆ ಸನ್ನದು. ಅದನ್ನು ಕೊಡುವ ಸಂಸ್ಥೆಯನ್ನು ಇಲ್ಲಿ ಅನುಮೋದಕ ಎಂದು ಕರೆಯಲಾಗಿದೆ. ಅರ್ಜಿದಾರರ ಸಂಖ್ಯೆ ಇರುವ ಸ್ಥಾನಗಳಿಗಿಂತ ಹೆಚ್ಚಾದರೆ ಚೀಟಿ ಎತ್ತಿ ಪ್ರವೇಶ ಕೊಡಬೇಕು, ಗುರಿ ಮುಟ್ಟದಿದ್ದರೆ ಸನ್ನದು ನವೀಕರಣಗೊಳ್ಳುವುದಿಲ್ಲ ಎಂಬ ನಿಯಮಗಳು ಬಹುತೇಕ ಎಲ್ಲೆಡೆ ಇವೆ. ಕರ್ನಾಟಕದ ಅನುದಾನಿತ ಶಾಲೆಗಳನ್ನು ಬಲ್ಲ ಓದುಗರು ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು: ಅನುದಾನಿತ ಶಾಲೆಗೆ ಸರ್ಕಾರ ಮುಖ್ಯವಾಗಿ ಮಂಜೂರಾದ ಹುದ್ದೆಗಳ ಸಂಬಳ ಕೊಡುತ್ತದೆ, ಚಾರ್ಟರ್ ಶಾಲೆಗಾದರೋ ಪ್ರತಿ ಮಗುವಿಗೆ ಇಂತಿಷ್ಟೆಂದು ಲೆಕ್ಕ ಹಾಕಿದ ಮೊತ್ತ ಸಲ್ಲುತ್ತದೆ. ಮಗು ಬಿಟ್ಟುಹೋದರೆ ಆ ಮೊತ್ತವೂ ಹೋಗುತ್ತದೆ.

ಈ ಕಲ್ಪನೆಗೆ 1988ರಲ್ಲಿ ವ್ಯಾಪಕ ಪ್ರಚಾರ ಕೊಟ್ಟವರು ಅಮೆರಿಕದ ಶಿಕ್ಷಕರ ಒಕ್ಕೂಟದ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ಎಂಬುದು ಇಂದಿನ ವಾಗ್ವಾದಗಳ ನಡುವೆ ಮರೆತುಹೋಗಬಾರದ ಸಂಗತಿ. ಶಿಕ್ಷಕರೇ ಮುಂದೆ ನಿಂತು, ಇರುವ ಸಾರ್ವಜನಿಕ ವ್ಯವಸ್ಥೆಯ ಒಳಗೇ ಹೊಸ ಬೋಧನಾ ಕ್ರಮಗಳನ್ನು ಪ್ರಯೋಗಿಸಬೇಕೆಂಬುದು ಅವರ ಆಶಯವಾಗಿತ್ತು. ಕಾನೂನುಗಳು ಬೇರೆ ದಾರಿ ಹಿಡಿದುದನ್ನು ಕಂಡು ಅವರೇ ಮುಂದೆ ಟೀಕಾಕಾರರಾದರು. 1991ರಲ್ಲಿ ಮಿನ್ನೆಸೋಟ ಮೊದಲ ಕಾನೂನನ್ನು ಮಾಡಿತು, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು, ಅದೇ ವರ್ಷ ಕ್ಯಾಲಿಫೋರ್ನಿಯ ಎರಡನೆಯ ಕಾನೂನನ್ನು ಅಂಗೀಕರಿಸಿತು. 2020ರ ದಶಕದ ಆರಂಭದ ಹೊತ್ತಿಗೆ ಇಂಥ ಶಾಲೆಗಳಲ್ಲಿ ಸುಮಾರು 37 ಲಕ್ಷ ಮಕ್ಕಳು, ಅಂದರೆ ಸಾರ್ವಜನಿಕ ಶಾಲೆಗಳ ಒಟ್ಟು ಮಕ್ಕಳಲ್ಲಿ ಶೇಕಡ 7ಕ್ಕಿಂತ ತುಸು ಹೆಚ್ಚು ಮಂದಿ, ಓದುತ್ತಿದ್ದರು.

ಅನುಮತಿಯ ವಿಷಯದಲ್ಲಿ ರಾಜ್ಯಗಳು ಹಿಡಿದಿರುವ ದಾರಿಗಳನ್ನು ತಿಳಿಯಲು ಮೊದಲು ಶಾಲಾ ಜಿಲ್ಲೆ ಎಂಬ ಘಟಕವನ್ನು ಅರಿಯಬೇಕು. ಇದು ಕಂದಾಯ ಜಿಲ್ಲೆಯಲ್ಲ. ಸಾಮಾನ್ಯವಾಗಿ ಚುನಾಯಿತ ಮಂಡಳಿಯುಳ್ಳ, ಹಲವು ರಾಜ್ಯಗಳಲ್ಲಿ ಆಸ್ತಿ ತೆರಿಗೆ ವಿಧಿಸುವ ಅಧಿಕಾರವನ್ನೂ ಪಡೆದಿರುವ, ಶಾಲೆಗಳಿಗಾಗಿಯೇ ಇರುವ ಸ್ಥಳೀಯ ಸರ್ಕಾರ. ಮೇರಿಲ್ಯಾಂಡ್‌ನಂತಹ ರಾಜ್ಯಗಳು ಅನುಮತಿಯನ್ನು ಸ್ಥಳೀಯ ಮಂಡಳಿಯ ಕೈಯಲ್ಲೇ ಇಟ್ಟಿವೆ. ಅಲ್ಲಿನ ಚಾರ್ಟರ್ ಶಾಲೆಯ ಶಿಕ್ಷಕರು ಮಂಡಳಿಯ ನೌಕರರಾಗಿಯೇ ಉಳಿಯುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಅಂತಿಮ ಅಧಿಕಾರ ರಾಜ್ಯದ ಶಿಕ್ಷಣ ಮಂಡಳಿಗೆ ಮಾತ್ರ ಇದೆ. ಟೆಕ್ಸಸ್‌ನಲ್ಲಿ ರಾಜ್ಯದ ಶಿಕ್ಷಣ ಆಯುಕ್ತರು ಹೊಸ ಸನ್ನದಿಗೆ ಒಪ್ಪಿಗೆ ಕೊಟ್ಟರೂ ಚುನಾಯಿತ ರಾಜ್ಯ ಶಿಕ್ಷಣ ಮಂಡಳಿಯು ಅದನ್ನು ತಡೆಯಬಹುದು. ಮಿಷಿಗನ್ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೂ ಈ ಅಧಿಕಾರ ಕೊಟ್ಟಿದೆ, ನ್ಯೂಯಾರ್ಕ್‌ನ 1998ರ ಕಾನೂನು ರಾಜ್ಯ ವಿಶ್ವವಿದ್ಯಾಲಯದ ಧರ್ಮದರ್ಶಿಗಳನ್ನು ಅನುಮೋದಕರನ್ನಾಗಿ ಮಾಡಿದೆ, ಇಂಡಿಯಾನಾಪೊಲಿಸ್‌ನಲ್ಲಿ 2001ರಿಂದ ನಗರದ ಮೇಯರ್‌ಗೇ ಆ ಅಧಿಕಾರವಿದೆ.

ಈ ವೈವಿಧ್ಯದ ಹಿಂದೆ ಇರುವ ವಾದ ಸರಳವಾದುದು. ಸ್ಥಳೀಯ ಮಂಡಳಿಗೆ ಹೊಸ ಶಾಲೆಯೆಂದರೆ ತನ್ನ ಮಕ್ಕಳನ್ನೂ ಆದಾಯವನ್ನೂ ಕಳೆದುಕೊಳ್ಳುವ ಸಂದರ್ಭ. ಆದುದರಿಂದ ಯೋಗ್ಯ ಅರ್ಜಿಯನ್ನೂ ಅದು ತಿರಸ್ಕರಿಸಬಹುದು, ಹಾಗಾಗಿ ಬೇರೊಂದು ಬಾಗಿಲು ಅಥವಾ ಮೇಲ್ಮನವಿಯ ಅವಕಾಶ ಬೇಕು ಎಂಬುದು ಚಾರ್ಟರ್ ಪಕ್ಷದವರ ನಿಲುವು. ಊರಿನ ಎಲ್ಲ ಮಕ್ಕಳ ಹೊಣೆ ಹೊತ್ತಿರುವ, ಮತದಾರರಿಗೆ ಉತ್ತರಿಸಬೇಕಾದ ಮಂಡಳಿಯನ್ನು ಬದಿಗಿಟ್ಟು ದೂರದ ಸಂಸ್ಥೆಯೊಂದು ಅದರ ಬಜೆಟ್ಟಿನ ಮೇಲೆ ಭಾರ ಹೇರುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ ಎಂಬುದು ಎದುರು ಪಕ್ಷದ ನಿಲುವು. ಎರಡೂ ವಾದಗಳಲ್ಲಿ ಸತ್ಯಾಂಶವಿದೆ, ಮತ್ತು ಎರಡಕ್ಕೂ ಬಲ ಕೊಡುತ್ತಿರುವುದು ಹಣ ಹರಿಯುವ ಬಗೆಯೇ.

ಕ್ಯಾಲಿಫೋರ್ನಿಯದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಅರ್ಜಿಯು ಮೊದಲು ಶಾಲಾ ಜಿಲ್ಲೆಗೆ, ತಿರಸ್ಕೃತವಾದರೆ ಕೌಂಟಿಯ ಶಿಕ್ಷಣ ಮಂಡಳಿಗೆ, ಅಲ್ಲಿಂದ ರಾಜ್ಯ ಮಂಡಳಿಗೆ ಹೋಗುವ ವ್ಯವಸ್ಥೆ ಇತ್ತು. ಅರ್ಜಿಯ ಗುಣದೋಷಗಳನ್ನು ಬಿಟ್ಟು, ಜಿಲ್ಲೆಯ ಹಣಕಾಸಿಗೆ ಏನಾಗುತ್ತದೆ ಎಂಬುದನ್ನು ತಿರಸ್ಕಾರಕ್ಕೆ ಕಾರಣವಾಗಿ ಕೊಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. 2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಶಿಕ್ಷಕರು ಮುಷ್ಕರ ಹೂಡಿದಾಗ, ಮರುತಿಂಗಳು ಓಕ್‌ಲ್ಯಾಂಡ್‌ನ ಶಿಕ್ಷಕರು ಅದೇ ಹಾದಿ ಹಿಡಿದಾಗ, ಚಾರ್ಟರ್ ಶಾಲೆಗಳ ಬೆಳವಣಿಗೆಯೂ ಅವರ ಆಕ್ಷೇಪಗಳಲ್ಲಿ ಒಂದಾಗಿತ್ತು. ಅದೇ ವರ್ಷ ಆದ ತಿದ್ದುಪಡಿಯು ಹೊಸ ಶಾಲೆಯು ಜಿಲ್ಲೆಯ ಹಣಕಾಸಿನ ಮೇಲೆ ಬೀರುವ ಪರಿಣಾಮವನ್ನು ಪರಿಗಣಿಸುವ ಅಧಿಕಾರವನ್ನು ಮಂಡಳಿಗಳಿಗೆ ಕೊಟ್ಟಿತು, ರಾಜ್ಯ ಮಂಡಳಿಯ ಮೇಲ್ಮನವಿ ಅಧಿಕಾರವನ್ನು ಕೆಳಗಿನವರು ತಮ್ಮ ವಿವೇಚನೆಯನ್ನು ದುರುಪಯೋಗ ಮಾಡಿದ್ದಾರೆಯೇ ಎಂಬ ಪರಿಶೀಲನೆಗೆ ಸೀಮಿತಗೊಳಿಸಿತು. ಇಪ್ಪತ್ತೇಳು ವರ್ಷಗಳ ಬಳಿಕ ಆ ರಾಜ್ಯ ಅನುಮತಿಯ ಪ್ರಶ್ನೆಯನ್ನು ವೆಚ್ಚದ ಪ್ರಶ್ನೆಯೊಂದಿಗೆ ಸೇರಿಸಿ ನೋಡಿತು ಎನ್ನಬಹುದು.

ಕೆಲವೆಡೆ ವಿವಾದ ಶಾಸನಸಭೆಯನ್ನು ದಾಟಿ ರಾಜ್ಯ ಸಂವಿಧಾನದವರೆಗೆ ಹೋಗಿದೆ. ಸ್ಥಳೀಯ ಶಾಲೆಗಳ ಆಡಳಿತ ಸ್ಥಳೀಯ ಮಂಡಳಿಗಳಿಗೇ ಸೇರಿದ್ದೆಂದು ಹೇಳಿದ ಜಾರ್ಜಿಯದ ಸುಪ್ರೀಂ ಕೋರ್ಟ್, ಅವುಗಳನ್ನು ಮೀರಿ ಅನುಮತಿ ಕೊಡುತ್ತಿದ್ದ ರಾಜ್ಯ ಆಯೋಗವನ್ನು 2011ರಲ್ಲಿ ರದ್ದುಗೊಳಿಸಿತು. ಮರುವರ್ಷ ಮತದಾರರು ಸಂವಿಧಾನ ತಿದ್ದುಪಡಿಗೆ ಒಪ್ಪಿ ಆಯೋಗಕ್ಕೆ ಮರುಜೀವ ಕೊಟ್ಟರು. ವಾಷಿಂಗ್ಟನ್ ರಾಜ್ಯದ ಕಥೆ ಇನ್ನೂ ದೀರ್ಘವಾದುದು. ಅಲ್ಲಿನ ಮತದಾರರು 1996, 2000 ಮತ್ತು 2004ರಲ್ಲಿ ಚಾರ್ಟರ್ ಪ್ರಸ್ತಾವಗಳನ್ನು ತಳ್ಳಿಹಾಕಿ 2012ರಲ್ಲಿ ಅತ್ಯಲ್ಪ ಬಹುಮತದಿಂದ ಒಪ್ಪಿದರು; 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಮತದಾರರು ಆರಿಸಿದ ಮಂಡಳಿಯ ಹತೋಟಿಯಲ್ಲಿ ಇಲ್ಲದ ಶಾಲೆಯು ಸಂವಿಧಾನ ಹೇಳುವ ಸಾಮಾನ್ಯ ಶಾಲೆ ಆಗಲಾರದು, ಆದುದರಿಂದ ಸಾಮಾನ್ಯ ಶಾಲೆಗಳಿಗಾಗಿ ಮೀಸಲಾದ ಹಣ ಅದಕ್ಕೆ ಸಲ್ಲದು ಎಂದು ತೀರ್ಪು ನೀಡಿತು. ಶಾಸಕರು 2016ರಲ್ಲಿ ಲಾಟರಿಯ ವರಮಾನ ಸೇರುವ ಪ್ರತ್ಯೇಕ ಖಾತೆಯಿಂದ ಹಣ ಕೊಡುವ ಹೊಸ ಕಾನೂನು ಮಾಡಿದರು, 2018ರಲ್ಲಿ ಅದೇ ನ್ಯಾಯಾಲಯ ಅದರ ಬಹುಭಾಗವನ್ನು ಎತ್ತಿಹಿಡಿಯಿತು. ಕೆಂಟಕಿ 2017ರಲ್ಲಿ ಅನುಮತಿಯ ಕಾನೂನನ್ನು ಮಾತ್ರ ಮಾಡಿ ಹಣದ ವ್ಯವಸ್ಥೆಯನ್ನು 2022ರವರೆಗೆ ಮುಂದೂಡಿತು; ಆ ವ್ಯವಸ್ಥೆಯನ್ನು 2023ರಲ್ಲಿ ಕೆಳ ನ್ಯಾಯಾಲಯವೊಂದು ಅಸಿಂಧುಗೊಳಿಸಿತು, ಸಾಮಾನ್ಯ ಶಾಲೆಗಳ ಹೊರಗಿನ ಶಿಕ್ಷಣಕ್ಕೂ ಸರ್ಕಾರದ ಹಣ ಸಲ್ಲಲು ದಾರಿ ಮಾಡಬಹುದಾಗಿದ್ದ ಸಂವಿಧಾನ ತಿದ್ದುಪಡಿಯನ್ನು 2024ರ ನವೆಂಬರ್‌ನಲ್ಲಿ ಮತದಾರರು ತಿರಸ್ಕರಿಸಿದರು. ಅನುಮತಿಯ ಕಾನೂನು ಏಳು ವರ್ಷ ಪುಸ್ತಕದಲ್ಲಿದ್ದರೂ ಅಲ್ಲಿ ಆವರೆಗೆ ಒಂದು ಚಾರ್ಟರ್ ಶಾಲೆಯೂ ತೆರೆದಿರಲಿಲ್ಲ.

ಒಕ್ಲಹೋಮದಲ್ಲಿ ಕ್ಯಾಥೊಲಿಕ್ ಚರ್ಚಿನ ಆಶ್ರಯದ ಆನ್‌ಲೈನ್ ಶಾಲೆಯೊಂದಕ್ಕೆ 2023ರಲ್ಲಿ ಸಿಕ್ಕ ಅನುಮತಿ ಬೇರೆ ಬಗೆಯ ಪ್ರಶ್ನೆ ಎತ್ತಿತು: ಚಾರ್ಟರ್ ಶಾಲೆಯು ಸರ್ಕಾರದ ಅಂಗವೋ, ಸರ್ಕಾರದೊಂದಿಗೆ ಕರಾರು ಮಾಡಿಕೊಂಡ ಖಾಸಗಿ ಸಂಸ್ಥೆಯೋ? ಅದು ಸರ್ಕಾರಿ ಶಾಲೆಯೇ ಆದ್ದರಿಂದ ಧಾರ್ಮಿಕವಾಗಿರಲಾಗದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಒಕ್ಕೂಟದ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ನಾಲ್ಕು ನಾಲ್ಕಾಗಿ ಒಡೆದುದರಿಂದ ಆ ತೀರ್ಪು ಉಳಿಯಿತಾದರೂ ದೇಶಕ್ಕೆಲ್ಲ ಅನ್ವಯಿಸುವ ನಿಯಮವೇನೂ ಹೊರಬರಲಿಲ್ಲ.

ಇನ್ನು ಹಣದ ವಿಷಯ. ಅಮೆರಿಕದ ಸಾರ್ವಜನಿಕ ಶಾಲೆಗಳ ಹಣ ಮುಖ್ಯವಾಗಿ ಎರಡು ಮೂಲಗಳಿಂದ ಬರುತ್ತದೆ: ಸ್ಥಳೀಯ ಆಸ್ತಿ ತೆರಿಗೆ ಮತ್ತು ರಾಜ್ಯದ ನೆರವು; ಒಕ್ಕೂಟ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತನೆಯ ಒಂದರ ಆಸುಪಾಸಿನಲ್ಲಿರುತ್ತದೆ. ಚಾರ್ಟರ್ ಶಾಲೆಗೆ ತೆರಿಗೆ ವಿಧಿಸುವ ಅಧಿಕಾರವಿಲ್ಲ. ಆದುದರಿಂದ ಸ್ಥಳೀಯ ತೆರಿಗೆಯ ಪಾಲನ್ನು ಅದಕ್ಕೆ ಕೊಡಬೇಕೆ, ಕೊಡುವುದಾದರೆ ಯಾರ ಮೂಲಕ ಎಂಬುದನ್ನು ಪ್ರತಿ ರಾಜ್ಯವೂ ತೀರ್ಮಾನಿಸಬೇಕಾಗುತ್ತದೆ. ಟೆಕ್ಸಸ್‌ನಲ್ಲಿ ಸ್ಥಳೀಯ ತೆರಿಗೆಯ ಪಾಲು ಇಲ್ಲ, ರಾಜ್ಯವೇ ನೇರವಾಗಿ ಕೊಡುತ್ತದೆ. ಕೊಲರಾಡೊದಲ್ಲಿ ಮತದಾರರು ಒಪ್ಪಿದ ಹೆಚ್ಚುವರಿ ಸ್ಥಳೀಯ ತೆರಿಗೆಯನ್ನೂ ಜಿಲ್ಲೆಗಳು ಚಾರ್ಟರ್ ಶಾಲೆಗಳೊಂದಿಗೆ ಹಂಚಿಕೊಳ್ಳಬೇಕೆಂದು 2017ರ ಕಾನೂನು ವಿಧಿಸಿತು. ಮೂರನೆಯ ಬಗೆಯಲ್ಲಿ ಮಗು ವಾಸಿಸುವ ಜಿಲ್ಲೆಯೇ ತನ್ನ ಬಜೆಟ್ಟಿನಿಂದ ಶಾಲೆಗೆ ಪಾವತಿ ಮಾಡಬೇಕು. ಇದರ ಅತ್ಯಂತ ಸ್ಪಷ್ಟ, ಮತ್ತು ಅತ್ಯಂತ ಕಳವಳಕಾರಿ, ಉದಾಹರಣೆ ಪೆನ್ಸಿಲ್ವೇನಿಯ.

ಪೆನ್ಸಿಲ್ವೇನಿಯದ 1997ರ ಕಾನೂನಿನ ಪ್ರಕಾರ ಜಿಲ್ಲೆಯು ತನ್ನ ಹಿಂದಿನ ವರ್ಷದ ಬಜೆಟ್ಟಿನ ವೆಚ್ಚದಿಂದ ಕೆಲವು ಬಾಬತ್ತುಗಳನ್ನು ಕಳೆದು, ಉಳಿದುದನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಬಂದ ಮೊತ್ತವನ್ನು ಚಾರ್ಟರ್ ಶಾಲೆಗೆ ಹೋದ ಪ್ರತಿ ಮಗುವಿನ ಪರವಾಗಿ ತೆರಬೇಕು. ತೆರದಿದ್ದರೆ ರಾಜ್ಯವು ಜಿಲ್ಲೆಗೆ ಕೊಡುವ ನೆರವಿನಲ್ಲಿ ಅಷ್ಟನ್ನು ಮುರಿದುಕೊಂಡು ಶಾಲೆಗೆ ಕೊಡುತ್ತದೆ. ಮೊತ್ತವು ಚಾರ್ಟರ್ ಶಾಲೆಯ ವೆಚ್ಚವನ್ನಲ್ಲ, ಮಗು ಬಂದ ಜಿಲ್ಲೆಯ ವೆಚ್ಚವನ್ನು ಅವಲಂಬಿಸಿರುವುದರಿಂದ, ಒಂದೇ ಆನ್‌ಲೈನ್ ಶಾಲೆಯಲ್ಲಿ ಒಂದೇ ಪಾಠ ಕೇಳುವ ಇಬ್ಬರು ಮಕ್ಕಳ ಪೈಕಿ ಒಬ್ಬರಿಗೆ ಇನ್ನೊಬ್ಬರ ಎರಡು ಪಟ್ಟಿಗಿಂತ ಹೆಚ್ಚು ಹಣ ಸಲ್ಲಬಹುದು. ಕಟ್ಟಡವುಳ್ಳ ಶಾಲೆಗೆ ಅನುಮತಿ ಕೊಡುವುದು ಸ್ಥಳೀಯ ಮಂಡಳಿ. ಆನ್‌ಲೈನ್ ಶಾಲೆಗಳಿಗೆ 2002ರಿಂದ ಅನುಮತಿ ಕೊಡುತ್ತಿರುವುದು ರಾಜ್ಯದ ಶಿಕ್ಷಣ ಇಲಾಖೆ. ಅಂದರೆ ಇಲಾಖೆ ಒಪ್ಪುತ್ತದೆ, ಅದರ ನಿರ್ಧಾರದಲ್ಲಿ ಪಾಲಿಲ್ಲದ ಐನೂರು ಜಿಲ್ಲೆಗಳು ಹಣ ಕೊಡುತ್ತವೆ. ಚಾರ್ಟರ್ ವೆಚ್ಚದ ಒಂದು ಭಾಗವನ್ನು ಜಿಲ್ಲೆಗಳಿಗೆ ಮರಳಿಸುತ್ತಿದ್ದ ಬಾಬತ್ತನ್ನೂ ರಾಜ್ಯವು 2011ರ ಬಜೆಟ್ಟಿನಲ್ಲಿ ಕೈಬಿಟ್ಟಿತು.

ವಿಶೇಷ ಶಿಕ್ಷಣ, ಅಂದರೆ ಅಂಗವೈಕಲ್ಯ ಅಥವಾ ಕಲಿಕೆಯ ತೊಡಕುಗಳಿರುವ ಮಕ್ಕಳಿಗೆ ಕಾನೂನಿನಂತೆ ಒದಗಿಸಬೇಕಾದ ಹೆಚ್ಚಿನ ನೆರವು, ಈ ಸೂತ್ರದ ದೋಷವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಜಿಲ್ಲೆಯ ವಿಶೇಷ ಶಿಕ್ಷಣದ ಒಟ್ಟು ವೆಚ್ಚವನ್ನು ಅಂಥ ಮಕ್ಕಳ ನಿಜವಾದ ಸಂಖ್ಯೆಯಿಂದ ಭಾಗಿಸದೆ, ಒಟ್ಟು ಮಕ್ಕಳ ಶೇಕಡ 16ರಿಂದ ಭಾಗಿಸಬೇಕೆಂದು 1997ರ ಸೂತ್ರ ಹೇಳಿತು. ಒಂದು ಲೆಕ್ಕ ಕಲ್ಪಿಸಿಕೊಳ್ಳಬಹುದು: 5,000 ಮಕ್ಕಳಿರುವ ಜಿಲ್ಲೆಯಲ್ಲಿ 1,000 ಮಕ್ಕಳಿಗೆ ವಿಶೇಷ ಶಿಕ್ಷಣ ಬೇಕಾಗಿದ್ದು ಅದಕ್ಕೆ 2 ಕೋಟಿ ಡಾಲರ್ ಖರ್ಚಾಗುತ್ತಿದ್ದರೆ ಒಂದು ಮಗುವಿನ ನಿಜವಾದ ವೆಚ್ಚ 20,000 ಡಾಲರ್, ಸೂತ್ರವಾದರೋ 800ರಿಂದ ಭಾಗಿಸಿ 25,000 ಎನ್ನುತ್ತದೆ. ಹೆಚ್ಚು ಅಗತ್ಯವುಳ್ಳ ಮಕ್ಕಳಿರುವ ಬಡ ಜಿಲ್ಲೆಯೇ ಹೀಗೆ ಹೆಚ್ಚು ತೆರಬೇಕಾಗುತ್ತದೆ. ಇದಲ್ಲದೆ, ಉಚ್ಚಾರಣೆಯ ಅಲ್ಪ ತೊಡಕಿರುವ ಮಗುವಿಗೂ ದಿನವಿಡೀ ಸಹಾಯಕರು ಬೇಕಾದ ಮಗುವಿಗೂ ಅದೇ ದರ ಸಲ್ಲುವುದರಿಂದ, ಮೊದಲನೆಯ ಬಗೆಯ ಮಕ್ಕಳನ್ನು ಸೇರಿಸಿಕೊಂಡ ಶಾಲೆಗೆ ಲಾಭವಾಗಿ ಎರಡನೆಯ ಬಗೆಯ ಮಕ್ಕಳು ಜಿಲ್ಲೆಯ ಶಾಲೆಯಲ್ಲೇ ಉಳಿಯುತ್ತಾರೆ. ಫಿಲಡೆಲ್ಫಿಯದ ಪಕ್ಕದ ಚೆಸ್ಟರ್ ಅಪ್‌ಲ್ಯಾಂಡ್ ಜಿಲ್ಲೆಯಲ್ಲಿ ಈ ದರ ಮಗುವೊಂದಕ್ಕೆ ಸುಮಾರು 40,000 ಡಾಲರಿಗೆ ಏರಿತ್ತು. ಅದನ್ನು 16,000ಕ್ಕೆ ಇಳಿಸಲು 2015ರಲ್ಲಿ ಗವರ್ನರ್ ಟಾಮ್ ವುಲ್ಫ್ ಅವರ ಆಡಳಿತ ಮಾಡಿದ ಮನವಿಯನ್ನು ನ್ಯಾಯಾಲಯ ಮೊದಲಿಗೆ ಒಪ್ಪಲಿಲ್ಲ. ಆ ಶಾಲಾ ವರ್ಷದ ಆರಂಭಕ್ಕೆ ಸಂಬಳಕ್ಕೆ ಹಣವಿಲ್ಲದಿದ್ದರೂ ಕೆಲಸ ಮಾಡಲು ಜಿಲ್ಲೆಯ ಶಿಕ್ಷಕರು ಒಪ್ಪಿಕೊಂಡರು. ಸಾರ್ವಜನಿಕ ಶಾಲೆಯ ಶಿಕ್ಷಕರನ್ನು ಆ ಸ್ಥಿತಿಗೆ ತಂದ ಸೂತ್ರವನ್ನು ಯಾವ ತರ್ಕದಿಂದಲೂ ಸಮರ್ಥಿಸಲಾಗದು.

ಮಗು ಹೋದಲ್ಲಿಗೆ ಅದರ ಪಾಲಿನ ಹಣವೂ ಹೋಗಲಿ, ಅದರಲ್ಲಿ ಅನ್ಯಾಯವೇನು ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ನೂರು ಮಕ್ಕಳು ಹತ್ತು ಶಾಲೆಗಳಿಂದ, ಬೇರೆ ಬೇರೆ ತರಗತಿಗಳಿಂದ ಹೊರಟಾಗ ಯಾವ ತರಗತಿಯನ್ನೂ ಮುಚ್ಚಲಾಗದು, ಬಸ್ಸಿನ ಮಾರ್ಗವನ್ನು ನಿಲ್ಲಿಸಲಾಗದು, ಕಟ್ಟಡವನ್ನು ಬಿಸಿಯಾಗಿಡುವ ಖರ್ಚನ್ನಾಗಲಿ ನಿವೃತ್ತರ ಪಿಂಚಣಿಯನ್ನಾಗಲಿ ಕಡಿತಗೊಳಿಸಲಾಗದು. ಆದಾಯ ಒಮ್ಮೆಗೇ ಕುಸಿಯುತ್ತದೆ, ವೆಚ್ಚ ನಿಧಾನವಾಗಿ ಇಳಿಯುತ್ತದೆ. ಈ ಅಂತರವನ್ನು ಯಾರು ತುಂಬಬೇಕೆಂದು ಹೇಳದ ಕಾನೂನು ಅದನ್ನು ಉಳಿದ ಮಕ್ಕಳ ಮೇಲೆ ಹೊರಿಸುತ್ತದೆ. ಮ್ಯಾಸಚೂಸೆಟ್ಸ್‌ನ ಶಾಸಕರು ಈ ಅಂತರವನ್ನು ಗುರುತಿಸಿದರು. ಅಲ್ಲಿ ಜಿಲ್ಲೆಗೆ ಬರಬೇಕಾದ ರಾಜ್ಯದ ನೆರವಿನಿಂದಲೇ ಚಾರ್ಟರ್ ಶಾಲೆಯ ಹಣವನ್ನು ಕಳೆಯಲಾಗುತ್ತದೆಯಾದರೂ, 2019ರ ಕಾನೂನಿನಂತೆ ಆ ವೆಚ್ಚದಲ್ಲಿ ಆಗುವ ಹೆಚ್ಚಳದ ಪೂರ್ಣ ಮೊತ್ತವನ್ನು ಮೊದಲ ವರ್ಷ, ಶೇಕಡ 60ನ್ನು ಎರಡನೆಯ ವರ್ಷ, ಶೇಕಡ 40ನ್ನು ಮೂರನೆಯ ವರ್ಷ ರಾಜ್ಯವು ಜಿಲ್ಲೆಗೆ ಮರಳಿಸಬೇಕು. ಜಿಲ್ಲೆಯ ಶಾಲಾ ವೆಚ್ಚದ ಶೇಕಡ 9ಕ್ಕಿಂತ ಹೆಚ್ಚು ಹಣ ಚಾರ್ಟರ್ ಶಾಲೆಗಳಿಗೆ ಹೋಗಬಾರದೆಂಬ ಮಿತಿಯೂ ಇದೆ. 2010ರಲ್ಲಿ ಅತ್ಯಂತ ಹಿಂದುಳಿದ ಜಿಲ್ಲೆಗಳಲ್ಲಿ ಅದನ್ನು ಶೇಕಡ 18ರವರೆಗೆ ಏರಿಸಲಾಯಿತು. ಅನುಮತಿ ಕೊಡುವ ಅಧಿಕಾರವನ್ನು ಹಣದ ಮಿತಿಯೊಂದಿಗೆ ನೇರವಾಗಿ ಬೆಸೆದ ಕಾನೂನುಗಳಲ್ಲಿ ಇದು ಮುಖ್ಯವಾದುದು. ಮರಳಿಸುವ ಹಣವನ್ನು ಹಿಂದಿನ ಹಲವು ವರ್ಷಗಳಲ್ಲಿ ಬಜೆಟ್ಟು ಪೂರ್ತಿಯಾಗಿ ಒದಗಿಸಲಿಲ್ಲ ಎಂಬ ಕೊರತೆ ಅದಕ್ಕೂ ಇತ್ತು. ಮಿತಿಯನ್ನು ಮೀರಿ ವರ್ಷಕ್ಕೆ ಹನ್ನೆರಡು ಶಾಲೆಗಳವರೆಗೆ ಅನುಮತಿಸುವ ಪ್ರಸ್ತಾವವು 2016ರ ನವೆಂಬರ್‌ನಲ್ಲಿ ಜನಮತಕ್ಕೆ ಬಂದಾಗ ಸುಮಾರು ಶೇಕಡ 62ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು.

ತಲಾ ಮೊತ್ತದ ಹೊರಗೆ ಉಳಿಯುವ ದೊಡ್ಡ ವೆಚ್ಚ ಕಟ್ಟಡದ್ದು. ಕ್ಯಾಲಿಫೋರ್ನಿಯದಲ್ಲಿ 2000ದ ಜನಮತದ ಮೂಲಕ ಬಂದ ನಿಯಮವು ಜಿಲ್ಲೆಯು ತನ್ನ ಶಾಲೆಗಳಿಗೆ ಸಮಾನವಾದ ಸ್ಥಳವನ್ನು ಚಾರ್ಟರ್ ಶಾಲೆಗೂ ಒದಗಿಸಬೇಕೆಂದಿತು. ನ್ಯೂಯಾರ್ಕ್ ನಗರವು ಹೊಸ ಚಾರ್ಟರ್ ಶಾಲೆಗಳಿಗೆ ತನ್ನ ಕಟ್ಟಡದಲ್ಲಿ ಜಾಗವನ್ನಾಗಲಿ ಬಾಡಿಗೆಗೆ ನೆರವನ್ನಾಗಲಿ ಕೊಡಬೇಕೆಂದು 2014ರ ರಾಜ್ಯ ಕಾನೂನು ವಿಧಿಸಿತು. ಟೆಕ್ಸಸ್ ತನ್ನ ಶಾಶ್ವತ ಶಾಲಾ ನಿಧಿಯ ಖಾತರಿಯನ್ನು 2014ರಿಂದ ಅರ್ಹ ಚಾರ್ಟರ್ ಶಾಲೆಗಳ ಸಾಲಪತ್ರಗಳಿಗೂ ವಿಸ್ತರಿಸಿ ಬಡ್ಡಿಯ ಹೊರೆಯನ್ನು ತಗ್ಗಿಸಿದೆ.

ಅನುಮೋದಕರಿಗೆ ಸಲ್ಲುವ ಹಣದ ಬಗ್ಗೆ ಸಾರ್ವಜನಿಕ ಚರ್ಚೆ ಕಡಿಮೆ. ಮಿಷಿಗನ್ ಮತ್ತು ಒಹಾಯೊ ಕಾನೂನುಗಳು ಶಾಲೆಗೆ ಬರುವ ರಾಜ್ಯ ನೆರವಿನಲ್ಲಿ ಶೇಕಡ 3ರವರೆಗೆ ಮೇಲ್ವಿಚಾರಣಾ ಶುಲ್ಕವಾಗಿ ಪಡೆಯಲು ಅನುಮೋದಕರಿಗೆ ಅವಕಾಶ ಕೊಟ್ಟಿವೆ. ತಪಾಸಣೆಗೆ ಹಣ ಬೇಕೆಂಬುದು ನಿಜ. ಆದರೆ ಶಾಲೆ ದೊಡ್ಡದಾದಷ್ಟೂ ಶುಲ್ಕ ಹೆಚ್ಚುತ್ತ, ಮುಚ್ಚಿದೊಡನೆ ನಿಂತುಹೋಗುವುದಾದರೆ, ಮುಚ್ಚುವ ಅಧಿಕಾರವುಳ್ಳವರಿಗೆ ಮುಚ್ಚದಿರುವುದರಲ್ಲೇ ಹಿತಾಸಕ್ತಿ ಹುಟ್ಟುತ್ತದೆ. ಒಹಾಯೊದಲ್ಲಿ 2000ದಲ್ಲಿ ಆರಂಭವಾಗಿ ದೇಶದ ಅತಿ ದೊಡ್ಡ ಆನ್‌ಲೈನ್ ಶಾಲೆಗಳಲ್ಲಿ ಒಂದಾಗಿ ಬೆಳೆದ ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ, 2015-16ರ ಸಾಲಿಗೆ 15,000ಕ್ಕೂ ಹೆಚ್ಚು ಪೂರ್ಣಾವಧಿ ವಿದ್ಯಾರ್ಥಿಗಳ ಹಣ ಪಡೆದಿತ್ತು. ಅವರಲ್ಲಿ ಸುಮಾರು 6,300 ಮಂದಿಯ ಕಲಿಕೆಗೆ ಮಾತ್ರ ದಾಖಲೆಯಿದೆ ಎಂದು ರಾಜ್ಯದ ಇಲಾಖೆ ತೀರ್ಮಾನಿಸಿತು. ಎರಡು ವರ್ಷಗಳ ಲೆಕ್ಕದಲ್ಲಿ ಸುಮಾರು 8 ಕೋಟಿ ಡಾಲರ್ ಹಿಂದಿರುಗಿಸಬೇಕೆಂಬ ಆದೇಶದ ನಡುವೆ 2018ರ ಜನವರಿಯಲ್ಲಿ, ಶಾಲಾ ವರ್ಷದ ಮಧ್ಯದಲ್ಲಿ, ಅದು ಮುಚ್ಚಿದಾಗ ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು. ಹಾಜರಾತಿ ಎಂದರೆ ಹೆಸರು ನೋಂದಾಯಿಸುವುದೋ, ನಿಜವಾಗಿ ಪಾಠದಲ್ಲಿ ತೊಡಗುವುದೋ ಎಂಬ ಪ್ರಶ್ನೆ ರಾಜ್ಯದ ಸುಪ್ರೀಂ ಕೋರ್ಟ್ ತಲುಪಿತು. ಅದು ಅದೇ ವರ್ಷ ಇಲಾಖೆಯ ಪರವಾಗಿ ತೀರ್ಪು ನೀಡಿತು. 2015ರಲ್ಲೇ ಒಹಾಯೊ ಅನುಮೋದಕರ ಮೌಲ್ಯಮಾಪನವನ್ನು ಬಿಗಿಗೊಳಿಸಿತ್ತು. 2021ರಲ್ಲಿ ಜಿಲ್ಲೆಗಳ ನೆರವಿನಿಂದ ಹಣ ಮುರಿದುಕೊಳ್ಳುವ ಪದ್ಧತಿಯನ್ನು ಕೈಬಿಟ್ಟು ಶಾಲೆಗಳಿಗೆ ನೇರ ಪಾವತಿಯನ್ನು ತಂದಿತು. ಮಿನ್ನೆಸೋಟ ಅದಕ್ಕೂ ಮುನ್ನ, 2009ರಲ್ಲಿ, ಅನುಮೋದಕರು ತಾವೇ ರಾಜ್ಯದ ಒಪ್ಪಿಗೆ ಪಡೆಯಬೇಕೆಂಬ ನಿಯಮ ಮಾಡಿತ್ತು.

ಸನ್ನದು ರದ್ದಾಗುವ ನಿಯಮ ಗಟ್ಟಿಯಾಗಿರುವಲ್ಲಿ ಅನುಮತಿಗೆ ಅರ್ಥವಿರುತ್ತದೆ. ಟೆಕ್ಸಸ್‌ನ 2013ರ ಕಾನೂನು ಸತತ ಮೂರು ವರ್ಷ ಕಲಿಕೆಯಲ್ಲಿ ಅಥವಾ ಹಣಕಾಸಿನಲ್ಲಿ ಕೆಳದರ್ಜೆ ಪಡೆದ ಶಾಲೆಯ ಸನ್ನದನ್ನು ಆಯುಕ್ತರು ರದ್ದುಗೊಳಿಸಲೇಬೇಕೆಂದು ವಿಧಿಸಿತು. ಅರಿಜೋನದಲ್ಲಿ ಸನ್ನದಿನ ಅವಧಿಯೇ ಹದಿನೈದು ವರ್ಷ. ಅಷ್ಟರಲ್ಲಿ ಒಂದು ಮಗುವಿನ ಶಾಲಾ ಜೀವನವೇ ಮುಗಿದಿರುತ್ತದೆ. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನ ಬಹುತೇಕ ಶಾಲೆಗಳನ್ನು ರಾಜ್ಯವೇ ವಶಕ್ಕೆ ತೆಗೆದುಕೊಂಡು ಚಾರ್ಟರ್ ಸಂಸ್ಥೆಗಳಿಗೆ ವಹಿಸಿತ್ತು. ಲೂಯಿಸಿಯಾನದ 2016ರ ಕಾನೂನು ಅವುಗಳನ್ನು ಚುನಾಯಿತ ಸ್ಥಳೀಯ ಮಂಡಳಿಗೆ ಹಿಂದಿರುಗಿಸಿತು. ಸನ್ನದಿನ ಬಗ್ಗೆ ಶಾಲಾ ಅಧೀಕ್ಷಕರು ಮಾಡುವ ಶಿಫಾರಸನ್ನು ಮೂರನೆಯ ಎರಡರಷ್ಟು ಬಹುಮತವಿಲ್ಲದೆ ಮಂಡಳಿ ತಳ್ಳಿಹಾಕಲಾಗದೆಂದೂ, ಹಣವನ್ನು ಮಕ್ಕಳ ಅಗತ್ಯದ ತೀವ್ರತೆಗೆ ಅನುಗುಣವಾಗಿ ಹಂಚಬೇಕೆಂದೂ ಅದು ಗೊತ್ತುಪಡಿಸಿತು. ಪೆನ್ಸಿಲ್ವೇನಿಯ ಕಲಿಯಬೇಕಾದ ಪಾಠ ಇಲ್ಲಿದೆ.

ಕಲಿಕೆಯ ಫಲಿತಾಂಶಗಳೂ ಕಾನೂನಿನ ಗುಣಮಟ್ಟದ ಕಡೆಗೇ ಬೊಟ್ಟು ಮಾಡುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದರ 2009ರ ಅಧ್ಯಯನವು ಗಣಿತದಲ್ಲಿ ಶೇಕಡ 17ರಷ್ಟು ಚಾರ್ಟರ್ ಶಾಲೆಗಳು ಸ್ಥಳೀಯ ಶಾಲೆಗಳಿಗಿಂತ ಮೇಲು, ಶೇಕಡ 37ರಷ್ಟು ಕೀಳು ಎಂದು ಕಂಡುಕೊಂಡಿತ್ತು. ಅದೇ ಕೇಂದ್ರದ 2023ರ ಅಧ್ಯಯನದಲ್ಲಿ ಸರಾಸರಿಯು ಚಾರ್ಟರ್ ಶಾಲೆಗಳ ಪರವಾಗಿ ತುಸು ವಾಲಿತು, ಆದರೆ ಆನ್‌ಲೈನ್ ಶಾಲೆಗಳ ಮಕ್ಕಳು ಬಹಳ ಹಿಂದುಳಿದೇ ಇದ್ದರು. ಅತ್ಯಂತ ದುರ್ಬಲ ಫಲಿತಾಂಶದ ಈ ವರ್ಗಕ್ಕೆ ಕಟ್ಟಡವುಳ್ಳ ಶಾಲೆಯ ವೆಚ್ಚವನ್ನು ಆಧರಿಸಿದ ದರವನ್ನೇ ಕೊಡುತ್ತ ಬಂದಿರುವ ರಾಜ್ಯಗಳು ಮೊದಲು ಆ ಸೂತ್ರವನ್ನು ತಿದ್ದಬೇಕು. ಬಳಿಕ ವಿಶೇಷ ಶಿಕ್ಷಣದ ಹಣವನ್ನು ಮಗುವಿನ ಅಗತ್ಯದ ಶ್ರೇಣಿಗೆ ಹೊಂದಿಸಬೇಕು. ಮತ್ತು ಜಿಲ್ಲೆಯ ಒಪ್ಪಿಗೆಯಿಲ್ಲದೆ ರಾಜ್ಯವೇ ಅನುಮತಿ ಕೊಟ್ಟ ಶಾಲೆಯ ವೆಚ್ಚವನ್ನು ಪರಿವರ್ತನೆಯ ಅವಧಿಯಲ್ಲಾದರೂ ರಾಜ್ಯದ ಬೊಕ್ಕಸವೇ ಹೊರಬೇಕು.